ಗಲ್ಫಿಗೆ ಹೊರಟವರ ಕಾಗದ: ಹೊಸ ನಿಯಮ ಬಂದ ಮೇಲೆ ನಾನು ನೋಡುವ ಕ್ರಮ

ಭಟ್ಕಳ, ಹೊನ್ನಾವರ, ಕುಮಟಾ ಕಡೆಯಿಂದ ಗಲ್ಫಿಗೆ ಹೊರಟವರ ಕಾಗದ ಕೈಗೆ ಬಂದಾಗ ನಾನು ಮೊದಲು ನೋಡುವುದು ವೀಸಾದಲ್ಲಿ ಬರೆದ ಹುದ್ದೆ. ಏಜೆಂಟ ಬಾಯಲ್ಲಿ ‘ಕಂಪನಿ ಡ್ರೈವರ್’ ಎಂದಿರುತ್ತಾನೆ, ಸೌದಿ ವೀಸಾದಲ್ಲಿ ‘ಸಾಯಿಕ್ ಖಾಸ್’, ಅಂದರೆ ಮನೆ ಡ್ರೈವರ್ ಎಂದಿರುತ್ತದೆ. 2021ರ ಮಾರ್ಚ್ 14ರಿಂದ ಸೌದಿಯ ಖಾಸಗಿ ಕಂಪನಿ ನೌಕರ ಒಂದು ವರ್ಷ ಮುಗಿಸಿ, 90 ದಿನದ ನೋಟಿಸು ಕೊಟ್ಟರೆ ಕಫೀಲನ, ಅಂದರೆ ವೀಸಾ ಕೊಟ್ಟ ಮಾಲೀಕನ, ಒಪ್ಪಿಗೆ ಇಲ್ಲದೆಯೇ ಬೇರೆ ಕಂಪನಿಗೆ ಹೋಗಬಹುದು. ಊರಿಗೆ ಬಂದು ಹೋಗುವ ವೀಸಾವನ್ನೂ ಅಬ್ಶರ್ ಎಂಬ ಸೌದಿ ಸರಕಾರದ ಆ್ಯಪಿನಲ್ಲಿ ತಾನೇ ತೆಗೆಯಬಹುದು. ಮನೆ ಡ್ರೈವರ್, ಮನೆಗೆಲಸದವರು, ತೋಟದ ಕೆಲಸದವರು, ಕುರಿ ಕಾಯುವವರು ಈ ಸುಧಾರಣೆಯ ಹೊರಗೆ. ಅವರ ಒಪ್ಪಂದ ಮುಸಾನೆದ್ ಎಂಬ ಬೇರೆ ವ್ಯವಸ್ಥೆಯಲ್ಲಿ ನಡೆಯುತ್ತದೆ. ‘ಅಲ್ಲಿ ಹೋದ ಮೇಲೆ ಬದಲಿಸಿಕೊಡ್ತೇವೆ’ ಎಂಬ ಮಾತನ್ನು ನಂಬಿ ಟಿಕೆಟ್ ತೆಗೆಯಬೇಡಿ ಎಂದೇ ನಾನು ಹೇಳುವುದು. ಆಜಾದ್ ವೀಸಾವೂ ಅಷ್ಟೇ: ಹೆಸರಿಗೆ ಒಬ್ಬ ಕಫೀಲ, ದುಡಿಯುವುದು ಇನ್ನೆಲ್ಲೋ. ಸಿಕ್ಕಿಬಿದ್ದರೆ ಗಡೀಪಾರು.

ಕಂಪನಿ ವೀಸಾ ಇದ್ದವರಿಗೂ ಕಂಪನಿ ಬದಲಿಸುವ ಈ ಹಕ್ಕು ತಾನಾಗಿ ಬರುವುದಿಲ್ಲ. ಒಪ್ಪಂದ ಸೌದಿ ಕಾರ್ಮಿಕ ಇಲಾಖೆಯ ಕಿವಾ ಪೋರ್ಟಲ್‌ನಲ್ಲಿ ದಾಖಲಾಗಿರಬೇಕು. ಕಂಪನಿ ಏರಿಸಿದ ಒಪ್ಪಂದವನ್ನು ನೌಕರ ತನ್ನ ಖಾತೆಯಿಂದ ಒಪ್ಪಬೇಕು. ಇಲ್ಲಿ ಎಡವುವುದು ಸಿಮ್ ವಿಷಯದಲ್ಲಿ. ರೂಮಿನ ಗೆಳೆಯನ ಹೆಸರಿನ ಸಿಮ್ ಹಾಕಿಕೊಂಡಿದ್ದರೆ ಖಾತೆಯೇ ತೆರೆಯಲಾಗದು. ಇಕಾಮಾ, ಅಂದರೆ ಅಲ್ಲಿನ ವಾಸದ ಪರವಾನಗಿ, ಕೈಗೆ ಬಂದ ವಾರದಲ್ಲೇ ತನ್ನ ಇಕಾಮಾ ನಂಬರಿನ ಮೇಲೆ ಸಿಮ್ ತೆಗೆದು, ಅಬ್ಶರ್, ಆಮೇಲೆ ಕಿವಾ, ಈ ಕ್ರಮದಲ್ಲಿ ಹೋಗಬೇಕು. ಒಪ್ಪುವ ಮೊದಲು ಮೂಲ ಸಂಬಳ, ಹುದ್ದೆ, ಅವಧಿ ಮೂರನ್ನೂ ಊರಲ್ಲಿ ಸಹಿ ಹಾಕಿದ ಕಾಗದದ ಜೊತೆ ತಾಳೆ ನೋಡಿ. ಒಮ್ಮೆ ಒಪ್ಪಿದ ಮೇಲೆ ಕಿವಾದಲ್ಲಿರುವ ಒಪ್ಪಂದವೇ ಲೆಕ್ಕಕ್ಕೆ.

ದುಬೈ, ಅಬುಧಾಬಿ ಕಡೆ 2022ರ ಫೆಬ್ರವರಿ 2ರಿಂದ ಹೊಸ ಕಾರ್ಮಿಕ ಕಾಯ್ದೆ ಜಾರಿಯಲ್ಲಿದೆ. ಪರೀಕ್ಷಾ ಅವಧಿ 6 ತಿಂಗಳು ಮೀರುವಂತಿಲ್ಲ. ಆ ಅವಧಿಯಲ್ಲೇ ಬಿಟ್ಟು ಅಲ್ಲಿನ ಬೇರೆ ಕಂಪನಿ ಸೇರುವುದಾದರೆ ಒಂದು ತಿಂಗಳ ಲಿಖಿತ ನೋಟಿಸು, ಊರಿಗೆ ಮರಳುವುದಾದರೆ 14 ದಿನ. ನೇಮಕದ ಖರ್ಚನ್ನು ಹಳೆ ಕಂಪನಿಗೆ ತುಂಬಿಕೊಡಬೇಕಾದ್ದು ಹೊಸ ಕಂಪನಿ. ಆ ಹಣವನ್ನು ನೌಕರನ ಸಂಬಳದಲ್ಲಿ ಮುರಿದುಕೊಂಡರೆ ಅದು ಕಾಯ್ದೆಗೆ ವಿರುದ್ಧ. ಪಾಸ್‌ಪೋರ್ಟ್ ಕಂಪನಿ ಇಟ್ಟುಕೊಳ್ಳುವುದೂ ಹಾಗೆಯೇ.

ಅಲ್ಲಿನ ಆಫರ್ ಲೆಟರ್ ಅರಬ್ಬಿ, ಇಂಗ್ಲಿಷ್ ಮತ್ತು ನೌಕರನಿಗೆ ತಿಳಿಯುವ ಮೂರನೇ ಭಾಷೆಯಲ್ಲಿ ಬರುತ್ತದೆ. ಆ ಭಾಷೆಗಳ ಪಟ್ಟಿಯಲ್ಲಿ ಮಲಯಾಳಂ, ತಮಿಳು, ಹಿಂದಿ, ಉರ್ದು ಇವೆ, ಕನ್ನಡ ಇಲ್ಲ. ಇದು ನನಗೆ ಬೇಸರದ ವಿಷಯ. ಉರ್ದು ಅಥವಾ ಹಿಂದಿ ಪ್ರತಿ ಕೇಳಿ ಪಡೆದು, ಓದಬಲ್ಲವರನ್ನು ಕೂರಿಸಿಕೊಂಡು ಸಾಲುಸಾಲಾಗಿ ಓದಿಸಿ. ಮುಖ್ಯವಾಗಿ ಮೂಲ ಸಂಬಳದ ಸಾಲು. ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಟಿ ಲೆಕ್ಕ ಹಾಕುವುದು ಮೂಲ ಸಂಬಳದ ಮೇಲೆ, ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದಂತೆ. ಒಟ್ಟು 2,000 ದಿರ್ಹಮ್‌ನಲ್ಲಿ ಮೂಲ ಸಂಬಳ 1,200 ಇದ್ದರೆ ವರ್ಷಕ್ಕೆ 840 ಸಿಗುತ್ತದೆ, 800 ಇದ್ದರೆ 560 ಮಾತ್ರ. ಉಳಿದದ್ದನ್ನು ಭತ್ಯೆ ಎಂದು ತೋರಿಸಿ ಕಂಪನಿಗಳು ಉಳಿಸಿಕೊಳ್ಳುವುದು ಇಲ್ಲೇ. 2023ರಿಂದ ಕೆಲಸ ಹೋದಾಗಿನ ವಿಮೆಯೂ ಕಡ್ಡಾಯ. ಮೂಲ ಸಂಬಳ 16,000ದೊಳಗೆ ಇದ್ದವರಿಗೆ ತಿಂಗಳಿಗೆ 5 ದಿರ್ಹಮ್. ಮಾಡಿಸದಿದ್ದರೆ 400 ದಿರ್ಹಮ್ ದಂಡ.

ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಹಿಡಿಯುವುದು ಮೊದಲಿಗಿಂತ ಅಪಾಯದ್ದಾಗಿದೆ. ಪರವಾನಗಿ ಇಲ್ಲದವರನ್ನು ದುಡಿಸಿಕೊಂಡ ಮಾಲೀಕನಿಗೆ 2024ರಿಂದ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ. ತಪಾಸಣೆಯ ಸುಳಿವು ಸಿಕ್ಕರೆ ಮಾಲೀಕ ಮೊದಲು ಕೈಬಿಡುವುದು ಇಂಥವರನ್ನೇ.

ಎಲ್ಲ ಕಡೆ ಸಡಿಲವಾಗಿದೆ ಎಂದೂ ತಿಳಿಯಬೇಡಿ. ಕುವೈತಿನಲ್ಲಿ 2025ರ ಜುಲೈ 1ರಿಂದ ಖಾಸಗಿ ವಲಯದವರು ದೇಶ ಬಿಡಲು ಮಾಲೀಕ ಒಪ್ಪಿದ ನಿರ್ಗಮನ ಪರವಾನಗಿ ಬೇಕು. ಊರಲ್ಲಿ ಮದುವೆ, ಬಂಡಿಹಬ್ಬ ಎಂದು ಟಿಕೆಟ್ ಮೊದಲೇ ತೆಗೆದಿಟ್ಟರೆ ಹಣ ಹೋಗಬಹುದು. ಪರವಾನಗಿ ಬಂದ ಮೇಲೆಯೇ ಟಿಕೆಟ್.

ನಮ್ಮ ಕಡೆಯ ತೊಡಕು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ನಾಯ್ಕ’, ಆಧಾರ್‌ನಲ್ಲಿ ‘ನಾಯಕ್’, ಪಾಸ್‌ಪೋರ್ಟಿನಲ್ಲಿ ಬರೀ ಇನಿಷಿಯಲ್. ಗೌಡರಿಗೆ ಇಂಗ್ಲಿಷಿನಲ್ಲಿ ಎರಡು ಬಗೆಯ ಕಾಗುಣಿತ. ಪ್ರಮಾಣಪತ್ರದ ದೃಢೀಕರಣ ನಿಲ್ಲುವುದು ಇಲ್ಲಿ. 2022ರ ನವೆಂಬರಿನಿಂದ ಒಂದೇ ಪದದ ಹೆಸರಿನ ಪಾಸ್‌ಪೋರ್ಟಿಗೆ ಯುಎಇ ವಿಸಿಟ್ ವೀಸಾ ಇಲ್ಲ. ಅರ್ಜಿ ಹಾಕುವ ಮೊದಲೇ ಅಂಕಪಟ್ಟಿಯ ಹೆಸರಿಗೆ ಉಳಿದದ್ದನ್ನು ಸರಿಮಾಡಿಸಿಕೊಳ್ಳಿ. ಹತ್ತನೇ ತರಗತಿ ಪಾಸಾದವರು ಆ ಅಂಕಪಟ್ಟಿಯನ್ನು ಪಾಸ್‌ಪೋರ್ಟ್ ಅರ್ಜಿಗೇ ಲಗತ್ತಿಸಿದರೆ ಇಸಿಆರ್, ಅಂದರೆ ವಲಸೆ ಅನುಮತಿ ಬೇಕೆಂಬ ಗುರುತು, ಬೀಳುವುದಿಲ್ಲ. ಇಸಿಆರ್ ಇದ್ದವರು ಕೇಂದ್ರ ಸರಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ವಲಸೆ ಅನುಮತಿ ಪಡೆಯಲೇಬೇಕು, ಇಲ್ಲವಾದರೆ ವಿಮಾನ ನಿಲ್ದಾಣದಿಂದಲೇ ವಾಪಸು. ಅದರ ಜೊತೆಗಿನ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಕಂತು 2 ವರ್ಷಕ್ಕೆ 275 ರೂಪಾಯಿ, ಅಪಘಾತದ ಸಾವಿಗೆ ಪರಿಹಾರ 10 ಲಕ್ಷ.

ನೋಂದಾಯಿತ ಏಜೆಂಟ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, 18% ಜಿಎಸ್‌ಟಿ ಸೇರಿ 35,400. ನಗದು ಕೊಡಬೇಡಿ, ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಲೈಸೆನ್ಸ್ ನಂಬರನ್ನು ಇ-ಮೈಗ್ರೇಟ್ ಜಾಲತಾಣದಲ್ಲೇ ಹುಡುಕಿ ನೋಡಿ. ಬೋರ್ಡಿನ ಮೇಲೆ ಬರೆದದ್ದು ಸಾಕಾಗದು.

ಪಾಸ್‌ಪೋರ್ಟ್, ವೀಸಾ, ಒಪ್ಪಂದ, ವಿಮೆ, ರಸೀದಿ ಇವುಗಳ ಒಂದು ಕಟ್ಟು ಜೆರಾಕ್ಸ್ ಮನೆಯಲ್ಲಿರಲಿ. ಇಕಾಮಾ ಬಂದ ದಿನ ಅದರ ಎರಡೂ ಬದಿಯ ಫೋಟೋ ಮನೆಗೆ ಕಳಿಸಿ. ನಮ್ಮ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ಮನೆಯವರೂ ದೂರು ಕೊಡಬಹುದು, ಆಗ ಕೇಳುವುದು ಇವೇ ನಂಬರುಗಳನ್ನು.