ಲೈವ್ ರೇಸ್ ವಿಡಿಯೋ ನಂಬಿ ಬೆಟ್ ಹಾಕೋ ಮುಂಚೆ

ಕುದುರೆ ರೇಸ್ ಓಡ್ತಿರುವಾಗಲೇ ಬೆಟ್ ಹಾಕೋ ಅಭ್ಯಾಸ ಇರೋರಿಗೆ ಒಂದು ಮಾತು. ಪರದೆ ಮೂಲೆಯಲ್ಲಿ ‘ಲೈವ್’ ಅಂತ ಕೆಂಪು ಚುಕ್ಕಿ ಮಿನುಗ್ತಿದ್ರೂ ನೀವು ನೋಡ್ತಿರೋದು ಆಗಿಹೋದ ಓಟ. ಇಂಟರ್ನೆಟ್ ವಿಡಿಯೋ ಸಾಮಾನ್ಯವಾಗಿ ಕೆಲವು ಸೆಕೆಂಡಿನ ತುಂಡುಗಳಾಗಿ ಬರುತ್ತೆ, ಪ್ಲೇಯರ್ ಎರಡು ಮೂರು ತುಂಡು ಕೂಡಿಟ್ಟುಕೊಂಡೇ ತೋರಿಸೋಕೆ ಶುರು ಮಾಡೋದು. ಕುದುರೆ ಸೆಕೆಂಡಿಗೆ ಸುಮಾರು 16 ಮೀಟರ್ ಓಡುತ್ತೆ. ಹನ್ನೆರಡು ಸೆಕೆಂಡ್ ತಡ ಅಂದ್ರೆ ಹೆಚ್ಚುಕಡಿಮೆ ಒಂದು ಫರ್ಲಾಂಗ್ (ಸುಮಾರು 200 ಮೀಟರ್) ಹಿಂದೆ ಇದ್ದೀರಿ!

ನಿಮ್ಮ ತಡ ಎಷ್ಟು ಅಂತ ನೀವೇ ಅಳೆದುಕೊಳ್ಳಿ. ಒಂದೆರಡು ರೇಸಿಗೆ ದುಡ್ಡು ಹಾಕದೆ ಕೂತು, ಆಡ್ಸ್ (ಗೆದ್ರೆ ಹಾಕಿದ ದುಡ್ಡಿಗೆ ಎಷ್ಟು ಸಿಗುತ್ತೆ ಅನ್ನೋ ದರ) ಪುಟ ‘ಇನ್-ಪ್ಲೇ’ಗೆ, ಅಂದ್ರೆ ಓಟ ಶುರುವಾಗಿದೆ ಅನ್ನೋದಕ್ಕೆ, ತಿರುಗಿದ ತಕ್ಷಣ ಸ್ಟಾಪ್‌ವಾಚ್ ಒತ್ತಿ, ವಿಡಿಯೋದಲ್ಲಿ ಗೇಟ್ ತೆರೆದಾಗ ನಿಲ್ಲಿಸಿ. ಲೆಕ್ಕ ಅಂದಾಜಿನದ್ದೇ, ಆದ್ರೆ ಕಣ್ಣು ತೆರೆಸುತ್ತೆ. ನನಗೆ ಮೊದಲ ಸಲ 9 ಸೆಕೆಂಡ್ ಬಂತು. ನಡುವೆ ವಿಡಿಯೋ ಸಿಕ್ಕಿಹಾಕಿಕೊಂಡು ಮತ್ತೆ ಹೊರಟ ಮೇಲೆ 17. ಬಫರ್ ಆದಾಗ, ವಿಡಿಯೋ ನಿಲ್ಲಿಸೋ ಪಾಜ್ ಬಟನ್ ಒತ್ತಿದಾಗ ಈ ತಡ ಬೆಳೀತಾ ಹೋಗಬಹುದು. ಅದಕ್ಕೇ ಪ್ರತಿ ರೇಸಿಗೂ ಮುಂಚೆ ಪುಟ ರಿಫ್ರೆಶ್ ಮಾಡಿ. ವೈಫೈ ಬದಲು ಕೇಬಲ್ ಹಾಕಿದ್ರೆ ತಡವರಿಸೋದು ಕಡಿಮೆಯಾಗಬಹುದು, ಮೂಲದ ತಡ ಹೋಗಲ್ಲ.

ಮುಖ್ಯವಾದದ್ದು ಇದು: ನಿಮ್ಮ ಪರದೆಯಲ್ಲಿ ಆರಾಮಾಗಿ ಮುಂದೆ ಓಡ್ತಿರೋ ಕುದುರೆಗೆ ಇದ್ದಕ್ಕಿದ್ದಂತೆ ಆಡ್ಸ್ ಏರಿದ್ರೆ ಲಾಟರಿ ಹೊಡೀತು ಅಂದುಕೊಳ್ಳಬೇಡಿ. ಟ್ರ್ಯಾಕ್ ಪಕ್ಕ ನಿಂತವರು ಅದು ಸುಸ್ತಾಗಿದ್ದನ್ನ ಆಗಲೇ ನೋಡಿರ್ತಾರೆ. ನಾನಂತೂ ಗೇಟ್ ತೆರೆಯೋ ಮುಂಚೆಯೇ ಬೆಟ್ ಮುಗಿಸಿ, ವಿಡಿಯೋನ ಬರೀ ನೋಡೋಕೆ ಇಟ್ಟುಕೊಂಡಿದ್ದೀನಿ.