ಮದುವೆಗೆ ಮುಂಚಿನ ನಮ್ಮ ಬೇಸಿಗೆಗಳು: ನಡಿಗೆ, ಟೆಂಟು, ಮನೆಗೆಲಸ

ಮದುವೆಗೆ ಮುಂಚೆ ಒಬ್ಬರನ್ನೊಬ್ಬರು ಚೆನ್ನಾಗಿ ತಿಳಿದುಕೊಳ್ಳಬೇಕು ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ನಾವು ತಿಳಿದುಕೊಂಡಿದ್ದು ಬೇಸಿಗೆಯಲ್ಲಿ ಗುಡ್ಡ ಹತ್ತುತ್ತಾ, ಕಾಡಿನಂಚಿನಲ್ಲಿ ಟೆಂಟು ಹಾಕುತ್ತಾ, ಉಳಿದ ದಿನಗಳಲ್ಲಿ ಒಂದೇ ಮನೆಯಲ್ಲಿ ಪಾತ್ರೆ ತೊಳೆಯುತ್ತಾ. ತಣ್ಣಗೆ ಕೂತು ಮಾತಾಡುವಾಗ ಎಲ್ಲರೂ ಒಳ್ಳೆಯವರೇ. ಮಧ್ಯಾಹ್ನದ ಬಿಸಿಲಲ್ಲಿ ಕಾಲು ಸೋತು, ಬಾಟಲಿಯಲ್ಲಿ ನೀರು ತಳ ಕಂಡಾಗ ಆ ಮನುಷ್ಯ ಹೇಗೆ ಮಾತಾಡುತ್ತಾನೆ ಅನ್ನುವುದನ್ನು ನಾನು ನೋಡಿದೆ. ನೋಡಿದ ಮೇಲೆಯೇ ಮದುವೆಗೆ ಒಪ್ಪಿದೆ.

ನಮ್ಮಿಬ್ಬರ ನಡಿಗೆ ಒಂದೇ ಥರ ಇರಲಿಲ್ಲ. ಅವನದು ದೊಡ್ಡ ಹೆಜ್ಜೆ, ನನ್ನದು ನಿಧಾನ. ಅದಕ್ಕೇ ನಿಧಾನವಾಗಿ ನಡೆಯುವವರೇ ಮುಂದಿರಬೇಕು ಅಂತ ಮೊದಲ ನಿಯಮ ಮಾಡಿಕೊಂಡೆವು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಜೋರಾಗಿ ನಡೆಯುವವರು ಮುಂದೆ ಹೋದರೆ ಏನಾಗುತ್ತದೆ ನೋಡಿ. ಅವರು ತಿರುವಿನಲ್ಲಿ ಕೂತು ದಣಿವಾರಿಸಿಕೊಳ್ಳುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದು ಸೇರಿದ ತಕ್ಷಣ ಎದ್ದು ಹೊರಡುತ್ತಾರೆ. ಜಾಸ್ತಿ ದಣಿದವರಿಗೇ ಕಡಿಮೆ ವಿಶ್ರಾಂತಿ! ಎಷ್ಟೋ ಜೋಡಿಗಳ ಮುನಿಸು ಶುರುವಾಗುವುದು ಇಲ್ಲಿಂದಲೇ ಅಂತ ನನಗನ್ನಿಸುತ್ತದೆ. ನಾನು ಮುಂದೆ ನಡೆದರೆ ಇಬ್ಬರೂ ಒಟ್ಟಿಗೆ ನಿಲ್ಲುತ್ತೇವೆ, ಒಟ್ಟಿಗೆ ಏಳುತ್ತೇವೆ.

ಸಮಯದ ಲೆಕ್ಕವನ್ನು ಮನೆಯಲ್ಲೇ ಕೂತು ಹಾಕುತ್ತಿದ್ದೆವು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಕಿಲೋಮೀಟರಿಗೆ ತಂದು ಹೇಳುವುದಾದರೆ, 5 ಕಿ.ಮೀ. ದೂರಕ್ಕೆ 1 ಗಂಟೆ, ಮೇಲೆ ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. 10 ಕಿ.ಮೀ. ದಾರಿ, 600 ಮೀಟರ್ ಏರು ಇದ್ದರೆ 3 ಗಂಟೆ ಆಯಿತು. ಇದರಲ್ಲಿ ವಿಶ್ರಾಂತಿ ಸೇರಿಲ್ಲ. ಬಿಸಿಲು, ಬೆನ್ನ ಮೇಲಿನ ಭಾರ ನೋಡಿ ನಾವು ಇನ್ನೊಂದು ಗಂಟೆ ಸೇರಿಸುತ್ತಿದ್ದೆವು. ತುದಿ ಮುಟ್ಟಲಿ ಬಿಡಲಿ, ಇಷ್ಟು ಹೊತ್ತಿಗೆ ವಾಪಸ್ ತಿರುಗಬೇಕು ಅನ್ನುವುದನ್ನೂ ಹೊರಡುವ ಮೊದಲೇ ಬರೆದಿಡುತ್ತಿದ್ದೆವು.

ಬೇಸಿಗೆಯಲ್ಲಿ ಬೆಳಕು ಹರಿಯುವ ಮುಂಚೆ ಹೊರಡುವುದೇ ಸರಿ. ಬಿಸಿಲೇರುವ ಹೊತ್ತಿಗೆ ಬಯಲು ದಾಟಿ ಮರದ ನೆರಳು ಸೇರಿರಬೇಕು. ನಡೆಯುವಾಗ ಗಂಟೆಗೆ ಅರ್ಧ ಲೀಟರ್ ನೀರು ಬೇಕೇ ಬೇಕು. ಸೆಕೆ ಜಾಸ್ತಿ ಇದ್ದರೆ ಮುಕ್ಕಾಲು ಲೀಟರ್, ಅದಕ್ಕೂ ಹೆಚ್ಚು. ಬೆವರು ಧಾರಾಕಾರ ಹರಿಯುವ ದಿನ ಬರೀ ನೀರು ಸಾಲದು, ಉಪ್ಪೂ ಹೋಗಿರುತ್ತದೆ. ಶುದ್ಧವಾದ 1 ಲೀಟರ್ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಒಂದು ಬಾಟಲಿ ಬೇರೆಯೇ ಇಟ್ಟುಕೊಳ್ಳುತ್ತಿದ್ದೆವು. ಉಪ್ಪಿನ ಅಳತೆ ಮಾತ್ರ ಮೀರಬಾರದು. ಮೂತ್ರದ ಬಣ್ಣ ಗಾಢವಾದರೆ ನೀರು ಸಾಲುತ್ತಿಲ್ಲ ಅಂತಲೇ ಅರ್ಥ. ಅದನ್ನು ಒಬ್ಬರನ್ನೊಬ್ಬರು ಸಂಕೋಚವಿಲ್ಲದೆ ಕೇಳುವುದು ನಮಗೆ ಬೇಗನೇ ರೂಢಿಯಾಯಿತು.

ಒಂದು ಏರಿನಲ್ಲಿ ನನಗೆ ತಲೆ ಸುತ್ತಿತು, ಹೊಟ್ಟೆ ತೊಳೆಸಿತು. ಅವನು ನನ್ನ ಚೀಲ ಇಳಿಸಿ, ನೆರಳಿನಲ್ಲಿ ಮಲಗಿಸಿ, ಕಾಲ ಕೆಳಗೆ ಚೀಲ ಇಟ್ಟು ಎತ್ತರ ಮಾಡಿದ. ಶೂ ಬಿಚ್ಚಿದ. ಕತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಒತ್ತಿ, ಟೋಪಿಯಿಂದ ಗಾಳಿ ಬೀಸಿದ. ಗುಟುಕು ಗುಟುಕಾಗಿ ನೀರು ಕೊಟ್ಟ. "ಇನ್ನು ಸ್ವಲ್ಪ ದೂರ ಅಷ್ಟೇ" ಅನ್ನುವ ಮಾತು ಅವನ ಬಾಯಲ್ಲಿ ಬರಲೇ ಇಲ್ಲ. ಅರ್ಧ ಗಂಟೆಯಲ್ಲಿ ನಾನು ಸುಧಾರಿಸಿಕೊಂಡೆ. ಸುಧಾರಿಸಿದ ಮೇಲೂ "ಇವತ್ತಿಗೆ ಇಳಿಯೋಣ" ಅಂದವನು ಅವನೇ. ಇದನ್ನು ಎಲ್ಲರೂ ತಿಳಿದಿರಬೇಕು: ಮಾತು ತೊದಲಿದರೆ, ಗೊಂದಲವಾದರೆ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತ. ಕಾಯುವ ಹಾಗಿಲ್ಲ. ಮೈಯನ್ನು ತಕ್ಷಣ ನೀರಿನಿಂದ ತಣ್ಣಗೆ ಮಾಡುತ್ತಲೇ ಸಹಾಯಕ್ಕೆ ಕರೆಯಬೇಕು.

ಇಬ್ಬರಲ್ಲಿ ಯಾರೇ "ವಾಪಸ್ ಹೋಗೋಣ" ಅಂದರೂ ತಿರುಗಬೇಕು, ಕಾರಣವನ್ನು ಕೆಳಗಿಳಿದ ಮೇಲೆ ಕೇಳಬೇಕು. ಇದು ನಮ್ಮ ಎರಡನೇ ನಿಯಮ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗುಮೋಡ ಎಷ್ಟು ಬೇಗ ಕಟ್ಟುತ್ತದೆ ಅಂದರೆ, ಊಟಕ್ಕೆ ಕೂತಾಗ ನೀಲಿ ಇದ್ದ ಆಕಾಶ ಏಳುವಷ್ಟರಲ್ಲಿ ಕಪ್ಪಾಗಿರುತ್ತದೆ. ಮಿಂಚು ಕಂಡು ಗುಡುಗು ಕೇಳುವುದರ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಮಿಂಚು ಸುಮಾರು 10 ಕಿ.ಮೀ. ಒಳಗಿದೆ ಅಂತ ಲೆಕ್ಕ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೂ ಬಯಲಿಗೆ ಬರಬಾರದು. ಒಮ್ಮೆ ಶಿಖರ ಕಣ್ಣೆದುರೇ ಇತ್ತು. ಅವನಿಗೆ ಬಹಳ ದಿನಗಳ ಆಸೆ. ಗುಡುಗು ಕೇಳಿ ನಾನು ತಿರುಗೋಣ ಅಂದೆ. ಅವನು ಒಂದು ಮಾತೂ ಆಡದೆ ತಿರುಗಿದ. ಮುಖ ಸಣ್ಣದು ಮಾಡಲಿಲ್ಲ, ಆಮೇಲೆ ಎತ್ತಿ ಆಡಲಿಲ್ಲ. ಆ ಶಿಖರವನ್ನು ಮುಂದಿನ ಬೇಸಿಗೆಯಲ್ಲಿ ಹತ್ತಿದೆವು. ಆದರೆ ನನಗೆ ಇಂದಿಗೂ ದೊಡ್ಡದಾಗಿ ಕಾಣುವುದು ಅವನು ತಿರುಗಿದ ಆ ಗಳಿಗೆಯೇ.

ಟೆಂಟಿನ ಕೆಲಸವನ್ನು ಮೊದಮೊದಲು ಹಂಚಿಕೊಂಡಿದ್ದೆವು. ಅವನು ಟೆಂಟು ಹಾಕುವುದು, ನಾನು ಒಲೆ ಹಚ್ಚುವುದು. ಆಮೇಲೆ ಬೇಕೆಂದೇ ಅದಲುಬದಲು ಮಾಡಿದೆವು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರಿಗೆ ಎಲ್ಲ ಗೊತ್ತಿರಬೇಕು, ಅಲ್ವಾ? ಜಾಗ ಆರಿಸುವಾಗ ಒಣಗಿದ ಕೊಂಬೆಯ ಕೆಳಗೆ ಬೇಡ, ಬತ್ತಿದ ಹಳ್ಳದ ಪಾತ್ರದಲ್ಲಿ ಬೇಡ, ನೀರಿನಿಂದ 60 ಮೀಟರಾದರೂ ದೂರ ಇರಲಿ. ತೊರೆಯ ನೀರನ್ನು 1 ನಿಮಿಷ ಚೆನ್ನಾಗಿ ಕುದಿಸಿಯೇ ಕುಡಿಯಬೇಕು. 2000 ಮೀಟರಿಗಿಂತ ಮೇಲಿದ್ದರೆ 3 ನಿಮಿಷ. 1000 ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿಯಷ್ಟು ತಂಪಾಗುವುದರಿಂದ ಬೇಸಿಗೆಯಲ್ಲೂ ರಾತ್ರಿ ಚಳಿ ಇರುತ್ತದೆ. ಮಲಗಿದಾಗ ನೆಲ ಮೈಯ ಶಾಖವನ್ನು ಹೀರುತ್ತದೆ. ಹಾಗಾಗಿ ಹೊದಿಕೆಯಷ್ಟೇ ಅಡಿಯ ಚಾಪೆಯೂ ಮುಖ್ಯ.

ನಮ್ಮ ದೊಡ್ಡ ಮಾತುಗಳೆಲ್ಲ ನಡೆದದ್ದು ದಾರಿಯಲ್ಲೇ. ಯಾರ ಮೇಲೆ ಎಷ್ಟು ಸಾಲ ಇದೆ, ಅಪ್ಪ ಅಮ್ಮನಿಗೆ ವಯಸ್ಸಾದಾಗ ಯಾರು ನೋಡಿಕೊಳ್ಳುವುದು, ಮಕ್ಕಳು ಬೇಕಾ, ಬೇಕಾದರೆ ಯಾವಾಗ. ಇವನ್ನು ಎದುರುಬದುರು ಕೂತು ಕೇಳಿದರೆ ವಿಚಾರಣೆ ಮಾಡಿದ ಹಾಗಾಗುತ್ತದೆ. ಒಂದೇ ಕಡೆ ಮುಖ ಮಾಡಿ ನಡೆಯುವಾಗ ಸುಮ್ನೆ ಮಾತು ತಾನಾಗಿ ಬರುತ್ತದೆ. ಉತ್ತರ ಹೊಳೆಯದಿದ್ದರೆ ನಾಲ್ಕು ಹೆಜ್ಜೆ ಸುಮ್ಮನಿರಬಹುದು. ಆ ಮೌನ ಯಾರಿಗೂ ಭಾರ ಅನ್ನಿಸುವುದಿಲ್ಲ.

ಮನೆಯ ದಿನಗಳಿಗೆ ಈ ಪದ್ಧತಿಗಳೇ ಬಂದವು. ಚೀಲಕ್ಕೆ ಏನೇನು ತುಂಬಬೇಕು ಅನ್ನುವ ಪಟ್ಟಿಯ ಹಾಗೆ ಮನೆಗೆಲಸದ ಪಟ್ಟಿ ಅಡುಗೆಮನೆಯ ಗೋಡೆಗೆ ಏರಿತು. ಅಡುಗೆ, ಬಟ್ಟೆ, ಕಸ, ಬಚ್ಚಲು, ಎಲ್ಲವೂ ವಾರಕ್ಕೊಮ್ಮೆ ಅದಲುಬದಲು. ಪಟ್ಟಿಯಲ್ಲಿ ಬಹಳ ಜನ ಬರೆಯದ ಒಂದು ಕೆಲಸವನ್ನೂ ನಾವು ಬರೆದೆವು: ನೆನಪಿಟ್ಟುಕೊಳ್ಳುವುದು. ಸೋಪು ಮುಗಿಯುತ್ತಿದೆ, ಕರೆಂಟ್ ಬಿಲ್ ಕಟ್ಟಬೇಕು ಅಂತ ತಲೆಯಲ್ಲಿ ಇಟ್ಟುಕೊಳ್ಳುವುದೂ ದಣಿಸುವ ಕೆಲಸವೇ. ಅದೂ ವಾರ ಬಿಟ್ಟು ವಾರ ಕೈ ಬದಲಾಗುತ್ತಿತ್ತು. ಬಾಡಿಗೆ, ದಿನಸಿಗೆ ಇಬ್ಬರೂ ಅವರವರ ಸಂಬಳಕ್ಕೆ ತಕ್ಕ ಪಾಲು ಹಾಕುತ್ತಿದ್ದೆವು. ಪ್ರವಾಸದ ಹಣ ಬೇರೆ ಡಬ್ಬಿಯಲ್ಲಿ. ಹಸಿದಾಗ ಜಗಳ ಬಗೆಹರಿಸಲು ಕೂರುವುದಿಲ್ಲ, ಮೊದಲು ಊಟ. ಕೆಲಸದಿಂದ ಬಂದ ಅರ್ಧ ಗಂಟೆ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ಪ್ರವಾಸದಿಂದ ಬಂದ ರಾತ್ರಿ ಎಷ್ಟೇ ಸುಸ್ತಾದರೂ ಟೆಂಟು ಬಿಚ್ಚಿ ಹರವುತ್ತಿದ್ದೆವು. ಒದ್ದೆಯಾಗಿ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಶೂಗಳನ್ನು ಬೆಂಕಿಯ ಹತ್ತಿರ ಒಣಗಿಸಬಾರದು, ಅಂಟು ಬಿಡುತ್ತದೆ. ಒಳಗೆ ಕಾಗದ ತುರುಕಿ ಗಾಳಿಗಿಟ್ಟರೆ ಸಾಕು.

ನೀವಿಬ್ಬರೂ ಹೊಸದಾಗಿ ಶುರು ಮಾಡುವವರಾದರೆ ಒಂದೇ ರಾತ್ರಿಯ ಜಾಗ ಆರಿಸಿ. ರಾತ್ರಿಯೇ ಬೇಡ ಅನ್ನಿಸಿದರೂ ಸುಲಭವಾಗಿ ಇಳಿದು ಬರುವಂತಿರಲಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅನ್ನುವುದನ್ನು ಹಿಂದೆ ಉಳಿದ ಒಬ್ಬರಿಗೆ ಬರೆದು ಕೊಟ್ಟು ಹೋಗಿ. ತಲುಪಿದ ಕೂಡಲೇ ಅವರಿಗೆ ಫೋನ್ ಮಾಡಿ.