ಸೆಗಿಲೋಲಾಳ ಸುಳ್ಳು ರಂಗದ ಮೇಲೆ ನಿಂತದ್ದು

ಸೆಗಿಲೋಲಾ ಅಂದರೆ ನೈಜೀರಿಯಾದ ಲಾಗೋಸಿನ ಪತ್ರಿಕೆಯೊಂದಕ್ಕೆ ತನ್ನ ಕತೆಯನ್ನು ಕಾಗದಗಳಲ್ಲಿ ಬರೆದಳೆಂದು ಕಲ್ಪಿಸಿದ ಹೆಂಗಸು. ಅವಳ ಕಾಗದಗಳನ್ನು ಒಬ್ಬಳೇ ನಟಿ ಹೇಳಿದರೆ ಸಾಕು, ಅವಳ ಪಶ್ಚಾತ್ತಾಪದ ಸುಳ್ಳು ಜನಕ್ಕೆ ತಾನಾಗಿ ಗೊತ್ತಾಗುತ್ತದೆ ಎಂದು ನಾನು ಹೇಳಿದಾಗ ನಮ್ಮ ತಂಡದಲ್ಲೇ ಯಾರೂ ಒಪ್ಪಲಿಲ್ಲ. "ಲಾಗೋಸ್ ಎಲ್ಲಿ, ನಮ್ಮ ಜನ ಎಲ್ಲಿ ಸಾರ್? ಹೇಳಿದ್ದೆಲ್ಲ ನಿಜ ಅಂದ್ಕೊಂಡು ಅತ್ತು ಮನೆಗೆ ಹೋಗ್ತಾರೆ" ಎಂದರು.

ಅಂದುಕೊಂಡರೆ ತಪ್ಪೇನಿಲ್ಲ ಬಿಡಿ. 1929-30ರಲ್ಲಿ 'ಅಕೆಡೆ ಎಕೊ' ಪತ್ರಿಕೆಯಲ್ಲಿ ಈ ಕಾಗದಗಳು ಅಲ್ಲಿನ ಯೊರುಬಾ ಭಾಷೆಯಲ್ಲಿ ಬಂದಾಗ ಲಾಗೋಸಿನವರೇ ನಂಬಿದ್ದರು. ಕಾಯಿಲೆ ಬಿದ್ದ ಮುದಿ ವೇಶ್ಯೆಯ ಹೆಸರಲ್ಲಿ ಬರೆಯುತ್ತಿದ್ದವರು ಸಂಪಾದಕ ಐಸಾಕ್ ಥಾಮಸ್. ಓದುಗರು ಅವಳಿಗೆಂದು ದುಡ್ಡನ್ನೂ ಕಳಿಸಿದರು! ನಾನು ಹಿಡಿದದ್ದು ಕರಿನ್ ಬಾರ್ಬರ್ 2012ರಲ್ಲಿ ತಂದ ಇಂಗ್ಲಿಷ್ ಅನುವಾದ. ಪುಸ್ತಕಕ್ಕೇ ಹತ್ತು ಸಾವಿರದ ಹತ್ತಿರ ಹೋಯಿತು.

ಮೊದಲು ಎಲ್ಲರ ಮಾತಿನಂತೆ ಸೂತ್ರಧಾರನನ್ನು ತಂದೆವು. ಅವನು ಬಾಯಿ ತೆರೆದ ಕೂಡಲೇ ಜನ ಇವಳನ್ನು ಬಿಟ್ಟು ಅವನನ್ನು ನಂಬಿದರು. ಆಮೇಲೆ ಲೈಟು: ನಿಜಕ್ಕೆ ಬಿಳಿ, ಸುಳ್ಳಿಗೆ ಕೆಂಪು. ಸಿಗ್ನಲ್‌ನಲ್ಲಿ ನಿಂತವರ ಹಾಗೆ ಕೂತಿದ್ದರು ಪ್ರೇಕ್ಷಕರು. ಲೈಟಿನ ಬಾಡಿಗೆ ಎಂಟೊಂಬತ್ತು ಸಾವಿರ, ಹಾಲಿನದ್ದು ಬೇರೆ. ಟಿಕೆಟಿನಿಂದ ಬಂದದ್ದು ಟೀ ಖರ್ಚಿಗೆ ಸರಿಹೋಯಿತು.

ಎಲ್ಲವನ್ನೂ ತೆಗೆದುಹಾಕಿದೆ. ನಟಿಗೆ ಹೇಳಿದ್ದು ಒಂದೇ: ನಿನ್ನ ಪಶ್ಚಾತ್ತಾಪ ಪೂರ್ತಿ ನಿಜ, ಎಲ್ಲೂ ಕಣ್ಣು ಮಿಟುಕಿಸಬೇಡ. ಸೆಗಿಲೋಲಾ ಹುಡುಗಿಯರಿಗೆ ಬುದ್ಧಿ ಹೇಳುತ್ತಾ ಹೇಳುತ್ತಾ ಹಳೇ ಹಾಡು ಶುರುಮಾಡುತ್ತಾಳೆ. ಮೂಲ ಮಟ್ಟು ಸಿಗಲಿಲ್ಲ, ನಾವೇ ಕಟ್ಟಿದೆವು. ಕಣ್ಣೊರೆಸುತ್ತಿದ್ದ ಕರ್ಚೀಫು ಆಗ ಮೊಣಕಾಲಿನ ಮೇಲೆ ತಾಳ ಹಾಕುತ್ತದೆ. ಜನ ನಗುವುದು ಅಲ್ಲೇ. ಪಾಪ ಮಾಡಿದ ದಿನಗಳೇ ಇವಳಿಗೆ ಇಷ್ಟ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಊರಲ್ಲಿ ಅಜ್ಜಿಯೊಬ್ಬರು ನಕ್ಕೂ ನಕ್ಕೂ ಕೊನೆಗೆ ಬಂದು, "ಔಷಧಿಗೆ ಇಟ್ಕೋ ತಾಯಿ" ಎಂದು ನಟಿಯ ಕೈಗೆ ನೂರು ರೂಪಾಯಿ ಇಟ್ಟರು. ಬೇಡ ಎಂದವರೆಲ್ಲ ಈಗ ಸ್ಕ್ರಿಪ್ಟ್ ಕೇಳುತ್ತಿದ್ದಾರೆ. ಪ್ರತಿ ಕಾಗದವನ್ನು ಎಲ್ಲಿ ಕತ್ತರಿಸಿದೆ ಅನ್ನೋದನ್ನು ಮಾತ್ರ ಕೊಡಲ್ಲ.

ಇದೇ ಹುಮ್ಮಸ್ಸಿನಲ್ಲಿ ತಾಂಜಾನಿಯಾದ ಲೇಖಕ ಕೆಜಿಲಹಾಬಿಯವರ ಸ್ವಾಹಿಲಿ ಕಾದಂಬರಿ 'ಕಿಚ್ವಾಮಾಜಿ'ಯ (1974) ಕಾಜಿಮೋಟೊನನ್ನೂ ಸುಮ್ನೆ ರಿಹರ್ಸಲ್‌ನಲ್ಲಿ ನಿಲ್ಲಿಸಿ ನೋಡಿದೆ. ತನ್ನ ಕತೆ ತಾನೇ ಹೇಳಿ ಕೊನೆಗೆ ಆತ್ಮಹತ್ಯೆ ಮಾಡಿಕೊಳ್ಳುವ ವಿದ್ಯಾವಂತ ಹುಡುಗ. ಸೆಗಿಲೋಲಾಳಿಗೆ ಮೆಚ್ಚಿಸಲು ಓದುಗರಿದ್ದಾರೆ. ಇವನು ಯಾರಿಗೆ ಹೇಳುತ್ತಿದ್ದಾನೆ? ನಟ ಗೋಡೆ ನೋಡಿ ಮಾತಾಡಿದ, ಕನ್ನಡಿ ನೋಡಿ ಮಾತಾಡಿದ, ಎರಡೂ ಕೂರಲಿಲ್ಲ. ಮುಂದಿನ ಸಲ ಪ್ರೇಕ್ಷಕರಿಗೆ ಬೆನ್ನು ಹಾಕಿಸಿ ನೋಡಬೇಕು.